ಐದು ಸಲ ನಿಜ, ಆರನೆಯ ಸಲ ಸುಳ್ಳು

429 ಕೋಟಿ 49 ಲಕ್ಷ 67 ಸಾವಿರದ 297. ಪ್ರೌಢಶಾಲೆಯ ಗಣಿತ ಪುಸ್ತಕದಲ್ಲಿ ಈ ಸಂಖ್ಯೆಗೆ ಒಂದು ಪುಟ ಸಿಗಬೇಕು ಎಂಬುದು ನನ್ನ ವಾದ. ಫ್ರಾನ್ಸಿನಲ್ಲಿ ನ್ಯಾಯಾಲಯದ ಕೆಲಸದ ನಡುವೆ ಗಣಿತ ಮಾಡುತ್ತಿದ್ದ ಪಿಯರ್ ದ ಫರ್ಮಾ 3, 5, 17, 257, 65537 ಎಂಬ ಸಾಲನ್ನು ಗಮನಿಸಿದ. ಸಾಲಿನ ಯಾವುದೇ ಸಂಖ್ಯೆಯಿಂದ 1 ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಿ, 1 ಕೂಡಿಸಿದರೆ ಮುಂದಿನದು ಸಿಗುತ್ತದೆ. ಐದೂ ಅವಿಭಾಜ್ಯ. ಹಾಗಾಗಿ ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂಬ ನಂಬಿಕೆಯನ್ನು 1640ರ ಹೊತ್ತಿಗೆ ಆತ ಪತ್ರಗಳಲ್ಲಿ ಬರೆದ. ಸಾಧನೆ ತನ್ನ ಬಳಿ ಇಲ್ಲವೆಂದೂ ಒಪ್ಪಿಕೊಂಡ. ಆರನೆಯದೇ ಮೇಲೆ ಹೇಳಿದ ಸಂಖ್ಯೆ. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು 641 × 67,00,417 ಎಂದು ಒಡೆದಿಟ್ಟ.

ಒಡೆದ ಬಗೆಯಲ್ಲೇ ಸ್ವಾರಸ್ಯವಿದೆ. 2, 3, 5 ಎಂದು ಅವಿಭಾಜ್ಯಗಳಿಂದ ಸಾಲಾಗಿ ಭಾಗಿಸುತ್ತ ಹೋದರೆ 641 ಸಿಗುವುದು 116ನೆಯದಾಗಿ. ಆದರೆ ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು ಎಂಬುದನ್ನು ಆಯ್ಲರ್ ಮುಂದೆ ಸಾಧಿಸಿದ. ಆ ಜರಡಿ ಹಿಡಿದರೆ ಪರೀಕ್ಷಿಸಬೇಕಾದವು 193, 257, 449, 577, 641 ಮಾತ್ರ. ಐದನೆಯ ಭಾಗಾಕಾರಕ್ಕೇ ಉತ್ತರ. ಕಾಗದದ ಮೇಲೆ ಹತ್ತು ನಿಮಿಷದ ಕೆಲಸ. ಫರ್ಮಾನಂಥವನು ಇದನ್ನೇಕೆ ಮಾಡಲಿಲ್ಲವೋ! ಐದು ಉದಾಹರಣೆಗಳು ಕೊಟ್ಟ ಧೈರ್ಯವೇ ಅವನನ್ನು ತಡೆದಿರಬೇಕು ಎಂದು ನನಗನ್ನಿಸುತ್ತದೆ. ‘ಮುಂದಿನ ಸಂಖ್ಯೆ ಯಾವುದು’ ಎಂಬ ಪ್ರಶ್ನೆಗೆ ಮೂರು ನಾಲ್ಕು ಅಂಕಿ ನೋಡಿ ಟಿಕ್ ಹಾಕುವುದನ್ನೇ ಕಲಿಸುವ ನಾವು ಮಕ್ಕಳಿಗೆ ತುಂಬುತ್ತಿರುವುದೂ ಅದೇ ಧೈರ್ಯ.

ಕಂಪ್ಯೂಟರ್ ಕ್ಷಣದಲ್ಲಿ ಹೇಳುವುದಕ್ಕೆ ಇಷ್ಟು ತಲೆಬಿಸಿ ಯಾಕೆ ಎನ್ನಬಹುದು. ಇದೇ ಸಾಲಿನ 34ನೆಯ ಸಂಖ್ಯೆಯಲ್ಲಿ 258 ಕೋಟಿಗೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಯಾವ ಯಂತ್ರವೂ ಇನ್ನೂ ಹೇಳಿಲ್ಲ. ವಿಜ್ಞಾನ ನಡೆಯುವುದೂ ಉದಾಹರಣೆಗಳ ಮೇಲೆಯೇ ಅಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಹೌದು, ಆದರೆ ಅಲ್ಲಿ ತೀರ್ಮಾನವನ್ನು ಮುಂದೆ ತಿದ್ದಿಕೊಳ್ಳುವ ಒಪ್ಪಂದವಿದೆ. ಎಲ್ಲ ಸಂಖ್ಯೆಗಳಿಗೂ ಎಂದು ಹೇಳುವ ಗಣಿತಕ್ಕೆ ಎಷ್ಟು ಉದಾಹರಣೆ ಕೊಟ್ಟರೂ ಸಾಲದು. ಯಾವುದೇ ಮಿತಿಯವರೆಗಿನ ಸಂಖ್ಯೆಗಳಲ್ಲಿ ಕನಿಷ್ಠ ಅರ್ಧದಷ್ಟಕ್ಕೆ ಅವಿಭಾಜ್ಯ ಅಪವರ್ತನಗಳ ಎಣಿಕೆ ಬೆಸವಾಗಿರುತ್ತದೆ ಎಂದು 1919ರಲ್ಲಿ ಗಣಿತಜ್ಞ ಪೋಯಾ ಊಹಿಸಿದ್ದ. 90 ಕೋಟಿ ದಾಟುವವರೆಗೂ ಅದು ನಿಜವೇ. 90,61,50,257ಕ್ಕೆ ಬಂದಾಗ ಮೊದಲ ಸಲ ಮುರಿಯುತ್ತದೆ.

ಪಠ್ಯದ ಹೊರೆ ಹೆಚ್ಚುತ್ತದೆ ಎಂಬ ದೂರಿನಲ್ಲಿ ಹುರುಳಿಲ್ಲ. 641ನ್ನು 67,00,417ರಿಂದ ಗುಣಿಸಲು ಪ್ರಾಥಮಿಕ ಶಾಲೆಯ ಲೆಕ್ಕ ಸಾಕು. ಪಠ್ಯ ಪರಿಷ್ಕರಿಸುವವರು ಮುಂದಿನ ಸಲ ಇದನ್ನು ಸೇರಿಸಲಿ. ಅಷ್ಟರಲ್ಲಿ ಗಣಿತದ ಮೇಷ್ಟ್ರುಗಳು ಆ ಐದು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು, ಆರನೆಯದರ ಬಗ್ಗೆ ಮಕ್ಕಳಿಂದ ಪಂದ್ಯ ಕಟ್ಟಿಸಿ, ಆಮೇಲೆ ಭಾಗಾಕಾರ ಮಾಡಿಸಲಿ.