ಮೊದಲ ಭಾಗ ಬೀಳಗಿಯಲ್ಲಿದೆ

ಬೇಸಿಗೆ ರಜೆಗೆ ಮೊಮ್ಮಗಳು ಬನಹಟ್ಟಿಗೆ ಬಂದಳು. ಜಮಖಂಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಕೈಕಾಲು ತೊಳೆಯುವ ಮೊದಲೇ ಚೀಲದಿಂದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ತೆಗೆದು ಪಡಸಾಲೆಯ ಮಂಚದ ಮೇಲೆ ಒಗೆದಳು.

"ನೋಡಜ್ಜಾ ಎಂಥಾ ಅನ್ಯಾಯ! ಮೊದಲನೇ ಭಾಗ ಬೀಳಗ್ಯಾಗೈತಿ, ಎರಡನೇದು ಮುಧೋಳದಾಗೈತಿ. ನನ್ನ ಪಾಲಿಗೆ ಮೂರನೇದು ಬಂತು."

ನಡೆದದ್ದು ಇಷ್ಟು. ಹಾಸ್ಟೆಲಿನಲ್ಲಿ ನಾಲ್ವರು ಗೆಳತಿಯರು. ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುತ್ತಾರೆ. ಜಮಖಂಡಿಯಾಕೆಗೆ ಅವಳ ಮಾವ ಪುಣೆಯಿಂದ 'ಸ್ಟಾರ್ ವಾರ್ಸ್' ಕಾದಂಬರಿಗಳ ಮೂರು ಭಾಗ ತಂದುಕೊಟ್ಟಿದ್ದಾನೆ. ಅವಳು ಓದಿ ಮುಗಿಸಿ, "ಓದಲೇಬೇಕು" ಎಂದು ಉಳಿದ ಮೂವರ ತಲೆ ತಿಂದಿದ್ದಾಳೆ. ರಜೆ ಬಂತು, ಮೂವರೂ ತನಗೆ ಬೇಕು ತನಗೆ ಬೇಕು ಎಂದು ಜಗಳ. ಕೊನೆಗೆ ಚೀಟಿ ಎತ್ತಿ ಹಂಚಿಕೊಂಡರು. ಹೀಗೆ ಒಂದೇ ಕಥೆ ಮೂರು ಊರಿಗೆ ಮೂರು ತುಂಡಾಗಿ ಬಸ್ಸು ಹತ್ತಿತು.

ಅಜ್ಜಂದಿರಿಗಾಗಿ ಒಂದು ಮಾತು. ಸ್ಟಾರ್ ವಾರ್ಸ್ ಅಂದರೆ 1977ರಲ್ಲಿ ಬಂದ ಅಮೆರಿಕದ ಸಿನಿಮಾ. ವಿಚಿತ್ರವೆಂದರೆ ಅದರ ಕಾದಂಬರಿ ಸಿನಿಮಾಕ್ಕಿಂತ ಮೊದಲೇ, 1976ರಲ್ಲೇ ಅಂಗಡಿಗೆ ಬಂದಿತ್ತು. ಮುಖಪುಟದ ಮೇಲೆ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರು, ಬರೆದದ್ದು ಅಲನ್ ಡೀನ್ ಫಾಸ್ಟರ್ ಎಂಬಾತ. 1983ಕ್ಕೆ ಮೂರು ಸಿನಿಮಾ ಮುಗಿದವು. ಆಮೇಲೆ ಏನಾಯಿತು ಎಂದು ಕೇಳುವವರು ಮುಗಿಯಲಿಲ್ಲ. ಅವರಿಗೆಂದು 1991ರಲ್ಲಿ ತಿಮೊಥಿ ಝಾನ್ ಬರೆದದ್ದೇ ಈ ಮೂರು ಭಾಗಗಳ ಮೊದಲನೆಯದು, 'ಏರ್ ಟು ದಿ ಎಂಪೈರ್'. ರಾಜಧಾನಿಯಾದ ಗ್ರಹಕ್ಕೆ ಝಾನ್ 'ಕೊರಸಾಂಟ್' ಎಂದು ಹೆಸರಿಟ್ಟ. ಮುಂದೆ 1999ರ ಸಿನಿಮಾದವರು ಅದೇ ಹೆಸರನ್ನು ಎತ್ತಿಕೊಂಡರು. ಸಿನಿಮಾದಿಂದ ಪುಸ್ತಕ ಪಡೆದ ಸಾಲ ಹೀಗೆ ತೀರಿತು.

ಅದರಲ್ಲಿ ಥ್ರಾನ್ ಎಂಬ ನೀಲಿ ಮೈಯ, ಕೆಂಪು ಕಣ್ಣಿನ ಸೇನಾಧಿಪತಿ ಬರುತ್ತಾನೆ. ವೈರಿಗಳು ಬರೆದ ಚಿತ್ರ, ಕಡೆದ ಶಿಲ್ಪ ನೋಡಿಯೇ ಅವರ ಮನಸ್ಸು ಹೇಗೆ ಓಡುತ್ತದೆಂದು ತಿಳಿದುಬಿಡುತ್ತಾನೆ. ಮೊಮ್ಮಗಳು ಇದನ್ನು ಹೇಳಿದಾಗ ನನಗೆ ನನ್ನಪ್ಪನ ನೆನಪಾಯಿತು. ಸೀರೆಯ ದಡಿ ಮುಟ್ಟಿ ನೋಡಿ, ಇದು ಯಾವ ಊರ ಮಗ್ಗದ್ದು, ನೇಯ್ದವನು ಅವಸರದವನೋ ಸಮಾಧಾನಿಯೋ ಎಂದು ಹೇಳುತ್ತಿದ್ದ.

ಇರಲಿ. ಅವಳ ಪ್ರಶ್ನೆ ಬೇರೆಯೇ ಇತ್ತು. ಮೂರನೆಯದನ್ನು ಓದಲೋ ಬೇಡವೋ?

ನಾನು ಚಿಕ್ಕವನಿದ್ದಾಗ ಈ ತೊಂದರೆ ಇರಲಿಲ್ಲ. ಚಂದಮಾಮದ ಬೇತಾಳನ ಕಥೆಯನ್ನು ಯಾವ ತಿಂಗಳಿಂದ ಶುರುಮಾಡಿದರೂ ಬೇತಾಳ ಮತ್ತೆ ಮರಕ್ಕೇ ಹೋಗುತ್ತಿತ್ತು. ರಾಜಕುಮಾರ್ ಅವರ ಸಿಐಡಿ 999 ಸಿನಿಮಾಗಳೂ ಹಾಗೆಯೇ. 1968ರ 'ಜೇಡರ ಬಲೆ' ನೋಡದವನೂ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ನೋಡಿ ಸಿಳ್ಳೆ ಹೊಡೆಯಬಹುದಿತ್ತು. ('ಜೇಡರ ಬಲೆ' ಎಂದರೆ ಜೇಡರ ದಾಸಿಮಯ್ಯನ ಕಡೆಯವರ, ಅಂದರೆ ನಮ್ಮ ನೇಕಾರರ ಕಥೆಯೆಂದೇ ತಿಳಿದು ನಮ್ಮ ಓಣಿಯ ಹಿರಿಯರೊಬ್ಬರು ಟಿಕೆಟ್ ತೆಗೆದಿದ್ದರು. ಒಳಗೆ ನೋಡಿದರೆ ಪಿಸ್ತೂಲು!) ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಥಾಸಾರಾಂಶ ಇರುತ್ತಿತ್ತು. ಸರಿಯಾಗಿ ಕುತೂಹಲದ ತುದಿಗೆ ತಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೇ ನೋಡಿ ಎಂದು ಕೈಬಿಡುತ್ತಿದ್ದರು. ಸಿನಿಮಾದ ಜೊತೆ ಬಂದ ಪುಸ್ತಕವೆಂದರೆ ನಮಗೆ ಅದೇ.

ಆದರೆ ಒಂದು ಕಥೆ ಮಾತ್ರ ನನ್ನನ್ನು ಬಹಳ ವರ್ಷ ಕಾಡಿತು.

ನಾನು ಮುಧೋಳದಲ್ಲಿ ಸೋದರಮಾವನ ಮನೆಯಲ್ಲಿದ್ದು ಏಳನೇ ತರಗತಿ ಓದುತ್ತಿದ್ದೆ. ನಮ್ಮ ಮಾಸ್ತರರು ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ಕಥೆ ಹೇಳುತ್ತಿದ್ದರು. ಆ ವರ್ಷ ಜೂಲ್ಸ್ ವರ್ನ್ ಎಂಬ ಫ್ರೆಂಚ್ ಲೇಖಕನ ಕಥೆ ಹಿಡಿದರು. ಸಮುದ್ರದ ತಳದಲ್ಲಿ ಓಡುವ ಹಡಗು, ಅದರ ಹೆಸರು ನಾಟಿಲಸ್. ಅದರ ಒಡೆಯ ಕ್ಯಾಪ್ಟನ್ ನೀಮೋ. ನೀಮೋ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಯಾರೂ ಅಲ್ಲ'. ಘಟಪ್ರಭೆಯ ನೀರನ್ನಷ್ಟೇ ಕಂಡಿದ್ದ ನಮಗೆ ಮಾಸ್ತರರು ಕಪ್ಪುಹಲಗೆಯ ಮೇಲೆ ಸಮುದ್ರ ಬರೆದರು. ನೀಮೋ ಯಾರು, ಯಾವ ದೇಶದವನು, ಅವನಿಗೆ ಯಾರ ಮೇಲೆ ಅಷ್ಟು ಸಿಟ್ಟು? "ಅದಕ್ಕ ಇನ್ನೊಂದು ಪುಸ್ತಕ ಐತಿ, ಮುಂದಿನ ತಿಂಗಳ ಹೇಳತೇನಿ" ಅಂದರು. ಮುಂದಿನ ತಿಂಗಳು ಅವರಿಗೆ ವರ್ಗವಾಯಿತು. ಹೊಸ ಮಾಸ್ತರರು ಶನಿವಾರ ಮಗ್ಗಿ ಒಪ್ಪಿಸಿಕೊಂಡರು.

ಉತ್ತರ ಸಿಕ್ಕಿದ್ದು ಮೂವತ್ತು ವರ್ಷದ ಮೇಲೆ, ಜಮಖಂಡಿಯಲ್ಲಿ ಪರಿಚಯದವರೊಬ್ಬರ ಕಪಾಟಿನಲ್ಲಿ. ಮುಂದಿನ ಪ್ಯಾರಾದಲ್ಲಿ ಆ ಗುಟ್ಟಿದೆ. ತಾವೇ ಓದಿ ತಿಳಿಯಬೇಕೆನ್ನುವ ಮಕ್ಕಳು ಅದನ್ನು ಹಾರಿಬಿಡಿ. ಅಜ್ಜ-ಅಜ್ಜಿಯರು ಓದಿ ಸುಮ್ಮನಿರಿ.

1870ರಲ್ಲಿ ಪುಸ್ತಕವಾಗಿ ಬಂದ ಸಮುದ್ರದ ಕಥೆಯಲ್ಲಿ ನೀಮೋ ಯಾರೆಂದು ವರ್ನ್ ಹೇಳುವುದೇ ಇಲ್ಲ. ರಷ್ಯದ ಮೇಲೆ ಸೇಡು ಹಿಡಿದ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದನಂತೆ, ಪ್ರಕಾಶಕರು ಒಪ್ಪಲಿಲ್ಲ. 1875ಕ್ಕೆ ಮುಗಿದ 'ದಿ ಮಿಸ್ಟೀರಿಯಸ್ ಐಲ್ಯಾಂಡ್'ನ ಕೊನೆಗೆ, ಮುದುಕನಾದ ನೀಮೋ ಸಾಯುವ ಮೊದಲು ತನ್ನ ಹೆಸರು ಹೇಳುತ್ತಾನೆ. ಅವನು ಭಾರತದವನು! ಬುಂದೇಲಖಂಡದ ರಾಜಕುಮಾರ ಡಕ್ಕರ್. 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಸಮುದ್ರ ಸೇರಿದವನು. ಟಿಪ್ಪು ಸುಲ್ತಾನನ ಬಂಧು ಎಂದೂ ವರ್ನ್ ಬರೆದಿದ್ದಾನೆ. ಬುಂದೇಲಖಂಡ ಎಲ್ಲಿ, ಶ್ರೀರಂಗಪಟ್ಟಣ ಎಲ್ಲಿ! ಇಸವಿಗಳೂ ಹೊಂದುವುದಿಲ್ಲ. ಮೊದಲ ಪುಸ್ತಕ ಶುರುವಾಗುವುದು 1866ರಲ್ಲಿ. ಎರಡನೆಯದರಲ್ಲಿ ನೀಮೋ ಸಾಯುವುದು 1868ರಲ್ಲಿ, ಆದರೆ ಆಗ ಹದಿನಾರು ವರ್ಷದ ಹಿಂದಿನ ಮಾತೆಂದು ಹಳೆಯದನ್ನು ನೆನೆಯುತ್ತಾರೆ. ಆ ರಾತ್ರಿ ನನಗೆ ಲೆಕ್ಕ ಬೇಕಿರಲಿಲ್ಲ. ಅದೇ 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ನಿಂತವರು ನಮ್ಮ ಮುಧೋಳ ತಾಲೂಕಿನ ಹಲಗಲಿಯ ಬೇಡರು. ಅವರ ಊರಿಗೆ ಬೆಂಕಿಯಿಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಅವರ ಲಾವಣಿ ಕೇಳುತ್ತಲೇ ನಾವು ಬೆಳೆದದ್ದು. ಬೆಂಚಿನ ಮೇಲೆ ಕೂತು ನೀಮೋ ಯಾರೋ ಪರದೇಶದವನು ಎಂದುಕೊಂಡಿದ್ದೆವಲ್ಲ! ಮಾಸ್ತರರಿಗೆ ಇದು ಗೊತ್ತಿತ್ತೇ? ಗೊತ್ತಿದ್ದೇ ಕೊನೆಗೆಂದು ಇಟ್ಟುಕೊಂಡಿದ್ದರೇ? ಕೇಳೋಣವೆಂದರೆ ಅವರು ಆಗಲೇ ಇರಲಿಲ್ಲ.

ಹಾಗಾಗಿ ಮೊಮ್ಮಗಳಿಗೆ "ಕ್ರಮವಾಗೇ ಓದವ್ವಾ" ಎನ್ನಬೇಕಿತ್ತು. ಆದರೆ ಬಾಯಿಗೆ ಬಂದದ್ದು ರನ್ನನ ಹೆಸರು.

ಮುಧೋಳ ತಾಲೂಕಿನ ರನ್ನ ಬೆಳಗಲಿಯ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ನೋಡಿರುತ್ತೀರಿ. ಸಾವಿರ ವರ್ಷದ ಹಿಂದಿನ ಕವಿ ರನ್ನ ಬಳೆಗಾರರ ಮನೆಯ ಹುಡುಗ. ಹುಟ್ಟಿದ್ದು ಮುದುವೊಳಲು, ಇಂದಿನ ಮುಧೋಳ. ಅವನ 'ಗದಾಯುದ್ಧ' ಶುರುವಾಗುವಾಗ ಮಹಾಭಾರತ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಹದಿನೆಂಟು ಭಾಗದ ಕಥೆಯಲ್ಲಿ ಕೊನೆಯ ಕಾಳಗವನ್ನು ಎತ್ತಿಕೊಂಡು ಕೂತ ಪುಣ್ಯಾತ್ಮ! ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ ಕಾಣುತ್ತಾನೆ, ದುಶ್ಶಾಸನ ಕಾಣುತ್ತಾನೆ, ಕರ್ಣ ಕಾಣುತ್ತಾನೆ. ಒಬ್ಬೊಬ್ಬರನ್ನು ಕಂಡಾಗಲೂ ಹಿಂದೆ ಆದದ್ದೆಲ್ಲ ನೆನಪಾಗಿ ಬರುತ್ತದೆ. ಸಿಂಹ ಸ್ವಲ್ಪ ದೂರ ನಡೆದು ತಿರುಗಿ ನೋಡುತ್ತದಂತೆ, ಅದಕ್ಕೇ ಇದನ್ನು ಸಿಂಹಾವಲೋಕನ ಎಂದರು.

"ಅಂದ್ರ ರನ್ನ ಕೊನೇ ಭಾಗದಿಂದ ಶುರುಮಾಡಿದಾ?"

"ಮತ್ತ? ಅಂವಾ ಮುಧೋಳದಾಂವ."

ಸ್ವಲ್ಪ ಮೋಸದ ಉತ್ತರವೇ. ರನ್ನನ ಕಾಲಕ್ಕೆ ಮೊದಲ ಭಾಗಗಳು ಎಲ್ಲರಿಗೂ ಗೊತ್ತಿದ್ದವು. ಮೊಮ್ಮಗಳೂ ಅದನ್ನು ಹಿಡಿದಳು. ಆದರೂ ಓದಲು ಕೂತಳು. ಯಾರು ಯಾರ ಮಗ, ಈ ತದ್ರೂಪಿ ಸೈನಿಕರು ಎಲ್ಲಿಂದ ಬಂದರು ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪ್ರಶ್ನೆ ಬರೆಯುತ್ತ ಹೋದಳು. ನಾಲ್ಕು ದಿನಕ್ಕೆ ಇಪ್ಪತ್ತಮೂರು ಪ್ರಶ್ನೆ. ಬೀಳಗಿಯಾಕೆ ಫೋನ್ ಮಾಡಿ ಮೊದಲ ಭಾಗದ ಕಥೆ ಹೇಳಲೇ ಎಂದರೆ ಕಿವಿ ಮುಚ್ಚಿಕೊಂಡು ಕೂಗಿದಳು.

ಅದೇ ಫೋನಿನಲ್ಲಿ ಇನ್ನೊಂದು ಸುದ್ದಿ ಬಂತು. ಬೀಳಗಿಯಾಕೆಯ ಅಪ್ಪನಿಗೆ ವರ್ಗ, ಬೀದರಿಗೆ. ಜೂನಿನಲ್ಲಿ ಅವಳು ಹಾಸ್ಟೆಲಿಗೆ ಬರುವುದಿಲ್ಲ. "ಪುಸ್ತಕ ಪೋಸ್ಟಿನ್ಯಾಗ ಕಳಸ್ತಾಳಂತ" ಎಂದು ಮೊಮ್ಮಗಳು ನೆಲ ನೋಡುತ್ತ ಹೇಳಿದಳು.

"ಪೋಸ್ಟು ಬ್ಯಾಡ. ಚಪ್ಪಲಿ ಹಾಕ್ಕೋ" ಎಂದೆ.

ಮುಧೋಳದಲ್ಲಿ ಇಳಿದು ಎರಡನೇ ಭಾಗದ ಸಮೇತ ಆ ಹುಡುಗಿಯನ್ನೂ ಕರೆದುಕೊಂಡು ಬೀಳಗಿಗೆ ಹೋದೆವು. ಅವರ ಮನೆಯಲ್ಲಿ ಆಗಲೇ ಅರ್ಧ ಸಾಮಾನು ಗೋಣಿಚೀಲದಲ್ಲಿತ್ತು. ಬೀಳಗಿಯಾಕೆಯ ಅಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಟ್ಟರು. ಮೂವರೂ ಕಟ್ಟೆಯ ಮೇಲೆ ಕೂತು ಪುಸ್ತಕ ಬದಲಿಸಿಕೊಂಡರು. ಮೊದಲನೆಯದು ಮೊಮ್ಮಗಳಿಗೆ, ಎರಡನೆಯದು ಬೀಳಗಿಯಾಕೆಗೆ, ಮೂರನೆಯದು ಮುಧೋಳದಾಕೆಗೆ. ಬೀಳಗಿಯಾಕೆ ಕೇಳಿದಳು: "ಕೊನಿಗೆ ಥ್ರಾನ್ ಏನಾಗ್ತಾನ, ಅಷ್ಟ ಹೇಳಿಬಿಡ. ಮತ್ತ ಯಾವಾಗ ಸಿಗ್ತೀವೋ ಏನೋ." ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೇಳೂದುಲ್ಲ. ಮೂರನೇದು ತಗೊಂಡು ನಾನ ಬೀದರಿಗೆ ಬರ್ತೀನಿ" ಎಂದಳು. ಬೀದರ್ ಎಷ್ಟು ದೂರವೆಂದು ಆ ಹುಡುಗಿಗೆ ಗೊತ್ತಿಲ್ಲ. ಅಜ್ಜನ ಮಂಡಿಗೆ ಗೊತ್ತಿದೆ.

ಇಂಥ ಗೀಳು ಹತ್ತಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕನ್ನಡದ್ದನ್ನೂ ಕೈಗಿಡಿ. ತೇಜಸ್ವಿಯವರು ಕೆನೆತ್ ಆಂಡರ್ಸನ್‌ನಿಂದ ತಂದ ಕಾಡಿನ ಕಥೆಗಳ ನಾಲ್ಕು ಭಾಗಗಳನ್ನು ಯಾವುದರಿಂದ ಬೇಕಾದರೂ ಶುರುಮಾಡಬಹುದು. ಆಕಾಶದ ಕಡೆ ನೋಡುವವರಿಗೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳಿವೆ.

ಮರಳುವಾಗ ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು: "ಅಜ್ಜಾ, ನಿಮ್ಮ ಆ ನೀಮೋ ಯಾರಂತ ಹೇಳಲೇ ಇಲ್ಲಲಾ?" ಎರಡು ಪುಸ್ತಕಗಳನ್ನೂ ತರಿಸಿಕೊಡುತ್ತೇನೆ ಎಂದೆ. ಈಗ ತೊಂದರೆಯೆಂದರೆ ಅವಳು ಈ ವಾರಪತ್ರಿಕೆಯನ್ನೂ ಓದುತ್ತಾಳೆ. ಸಂಚಿಕೆ ಬಂದ ಕೂಡಲೇ ಆ ಒಂದು ಪ್ಯಾರಾದ ಮೇಲೆ ಕಾಗದ ಅಂಟಿಸಿ ಕೊಡಬೇಕು.