ಬೋರ್ಡ್ ಬಿಚ್ಚಿಟ್ಟು ಬಾ ಅಂದ್ರೆ ಅಸ್ಪೃಶ್ಯತೆನಾ?

ಯೂಟಾದಲ್ಲಿ ಆನ್‌ಸೈಟ್ ಇದ್ದಾಗ ನಡೆದ ಜಗಳ ಇದು. ಜೊತೇಲಿದ್ದವನು ನಮ್ಮ ಟೀಮಿನವನೇ, ಊರು ತಿಪಟೂರು ಕಡೆ. ನಂದು ಅರಸೀಕೆರೆ ಹತ್ತಿರದ ಹಳ್ಳಿ. ಹಿಮ ಅಂದ್ರೆ ಫ್ರೀಜರ್ ಒಳಗಿನದ್ದು ಅಂದ್ಕೊಂಡಿದ್ದ ಇಬ್ಬರೂ ಅಲ್ಲಿ ಹೋಗಿ ಜಾರೋದು ಕಲಿತ್ವಿ. ನಾನು ಸ್ಕೀ, ಅವನು ಸ್ನೋಬೋರ್ಡ್.

ಸಾಲ್ಟ್ ಲೇಕ್ ಸಿಟಿ ಪಕ್ಕದ ಕಣಿವೆಯಲ್ಲಿ ಎರಡು ರೆಸಾರ್ಟ್ ಅಕ್ಕಪಕ್ಕ ಇವೆ. ಸ್ನೋಬರ್ಡ್‌ಗೆ ಎಲ್ಲರೂ ಹೋಗಬಹುದು. 1939ರಿಂದ ಲಿಫ್ಟ್ ಓಡಿಸ್ತಿರೋ ಆಲ್ಟಾಗೆ ಸ್ಕೀಯರ್‌ಗಳು ಮಾತ್ರ. ಒಂದೇ ಹಲಗೆಗೆ ಎರಡೂ ಕಾಲು ಬಿಗಿದು ಅಡ್ಡ ನಿಂತು ಜಾರುವವರಿಗೆ ಪ್ರವೇಶ ಇಲ್ಲ. ಅಮೆರಿಕದಲ್ಲಿ ಈ ನಿಷೇಧ ಬಿಡದೆ ಕೂತ ಹೆಸರಾಂತ ರೆಸಾರ್ಟ್‌ಗಳು ಮೂರು: ಆಲ್ಟಾ, ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್. ನ್ಯೂ ಮೆಕ್ಸಿಕೋದ ಟಾವೋಸ್ 2008ರಲ್ಲೇ ಬಾಗಿಲು ತೆಗೀತು.

ಸ್ಕೀಯರ್‌ಗಳನ್ನ ಕೇಳಿ, ಕಾರಣ ರೆಡಿ ಇರುತ್ತೆ. ಬೋರ್ಡಿನವರಿಗೆ ಬೆನ್ನ ಹಿಂದೆ ಕಾಣಲ್ಲ, ಬಂದು ಗುದ್ದುತ್ತಾರೆ. ದಾರಿ ಮಧ್ಯೆ ಕುಂಡಿ ಊರಿ ಕೂತು ಪಟ್ಟಿ ಬಿಗೀತಾರೆ. ಹೊಸ ಹಿಮವನ್ನೆಲ್ಲ ಕೆರೆದು ಹಾಳು ಮಾಡ್ತಾರೆ. ಆಲ್ಟಾದಲ್ಲಿ ಬೆಟ್ಟದ ಮಗ್ಗುಲಲ್ಲಿ ಅಡ್ಡಡ್ಡ ಸಾಗುವ ಉದ್ದುದ್ದ ಹಾದಿಗಳಿವೆ, ಕೈಯಲ್ಲಿ ಕೋಲಿಲ್ಲದ ಬೋರ್ಡಿನವನು ಅಲ್ಲಿ ವೇಗ ಕಳ್ಕೊಂಡು ನಿಂತ್ರೆ ಹಿಂದಿನ ಸಾಲೂ ನಿಲ್ಲುತ್ತೆ. ಈ ಕೊನೇದೊಂದು ನಿಜ. ಉಳಿದದ್ದು? ಪಕ್ಕದ ಸ್ನೋಬರ್ಡ್‌ನಲ್ಲಿ ಇಬ್ಬರೂ ಒಟ್ಟಿಗೇ ಜಾರ್ತಾರಲ್ಲ, ಅಲ್ಲಿನ ಹಿಮ ಬೇರೆ ಮೋಡದಿಂದ ಬೀಳುತ್ತಾ? ಇಪ್ಪತ್ತು ಸ್ಕೀಯರ್‌ಗಳು ಒಂದೇ ಕಡೆ ತಿರುಗಿದ್ರೂ ಇಳಿಜಾರು ಗುಡ್ಡೆಗುಡ್ಡೆ ಆಗುತ್ತೆ. ನಿಮ್ಮನ್ನ ಕಂಡ್ರೆ ನಮಗಾಗಲ್ಲ ಅಂತ ನೇರವಾಗಿ ಹೇಳೋಕೆ ನಾಚಿಕೆ, ಅದಕ್ಕೇ ಸೇಫ್ಟಿ ಮಾತು.

ಜಾಗದ ವಿಷಯದಲ್ಲಂತೂ ಬೋರ್ಡಿನವರ ಕಡೆಯೇ ನ್ಯಾಯ ಇದೆ ಅನ್ನೋನು ನಾನು. ಆಲ್ಟಾದ ಬಹುಪಾಲು ಜಾಗ ಅಮೆರಿಕದ ಅರಣ್ಯ ಇಲಾಖೆಯದ್ದು, ಪರ್ಮಿಟ್ ಮೇಲೆ ಕೊಟ್ಟದ್ದು. ಅಂದ್ರೆ ಊರೊಟ್ಟಿನ ಗೋಮಾಳ ಇದ್ದಹಾಗೆ. ಗೋಮಾಳದಲ್ಲಿ ಹಸು ಮೇಯಿಸಬಹುದು, ಎಮ್ಮೆ ಬಿಡಬಾರದು ಅಂತ ಗುತ್ತಿಗೆ ಹಿಡಿದವನು ಹೇಳಿದ್ರೆ ನಮ್ಮೂರವರು ಸುಮ್ಮನಿರ್ತಿದ್ರಾ? 2014ರಲ್ಲಿ ಒಂದಷ್ಟು ಬೋರ್ಡರ್‌ಗಳು ಕೋರ್ಟಿಗೂ ಹೋದ್ರು. ಸಂವಿಧಾನ ಕೊಟ್ಟ ಸಮಾನತೆ ಮುರಿದಿದ್ದೀರಿ ಅಂದ್ರು. ಇದು ರೆಸಾರ್ಟಿನ ಸ್ವಂತ ತೀರ್ಮಾನ, ಸರ್ಕಾರ ಮಾಡಿದ್ದಲ್ಲ ಅಂತ ಕೇಸ್ ವಜಾ ಆಯ್ತು. 2016ರಲ್ಲಿ ಮೇಲ್ಮನವಿಯೂ ಬಿತ್ತು. ಕಾನೂನು ಏನೇ ಹೇಳಲಿ, ಜಾಗ ನಂದು, ಗೇಟಲ್ಲಿ ನಿಂತವನು ನಂಗೆ ಸಂಬಂಧ ಇಲ್ಲ ಅನ್ನೋ ಜಮೀನ್ದಾರನ ಮಾತು ನಂಗೆ ಒಪ್ಪಿಗೆ ಆಗಲ್ಲ.

ಇಷ್ಟೂ ನಾವಿಬ್ಬರೂ ಒಪ್ಪಿದ್ದ ಮಾತೇ. ಸ್ನೋಬರ್ಡ್‌ನ ಮೇಲಿನ ದಿಣ್ಣೆ ಮೇಲೆ ಕೂತು, ಆಚೆ ಕಾಣ್ತಿದ್ದ ಆಲ್ಟಾ ಕಡೆ ಕೈ ತೋರಿಸಿ ಅವನಂದ: 'ನೋಡು ಮಗಾ, ಇದೂ ಒಂಥರಾ ಅಸ್ಪೃಶ್ಯತೆನೇ.'

ನಂಗೆ ಉರೀತು.

ಲೋ, ಅಲ್ಲಿ ಬೇಡ ಅಂದಿರೋದು ನಿನ್ನ ಹಲಗೇನ. ಅದನ್ನ ಕಾರಲ್ಲಿಟ್ಟು ಬಾಡಿಗೆ ಸ್ಕೀ ಹಾಕ್ಕೊಂಡು ಹೋಗು, ಅದೇ ಗೇಟಲ್ಲಿ ಅದೇ ಮನುಷ್ಯ ಹ್ಯಾವ್ ಎ ಗುಡ್ ಡೇ ಅಂತಾನೆ. ನಮ್ಮ ತೋಟಕ್ಕೆ ಕಾಯಿ ಕೀಳೋಕೆ ಬರ್ತಿದ್ದವರು ಏನನ್ನ ಬಿಚ್ಚಿಟ್ಟು ಬರಬೇಕಿತ್ತು? ನಮ್ಮ ಹಿತ್ತಲ ಗೋಡೆಯ ಗೂಡಲ್ಲಿ ಅವರಿಗೆ ಅಂತಲೇ ಎರಡು ಅಲ್ಯೂಮಿನಿಯಂ ಲೋಟ ಇದ್ವು. ಕಾಫಿನ ಅಜ್ಜಿ ಮೇಲಿಂದ ಹುಯ್ಯುತ್ತಿದ್ಲು. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಬೋರಲು ಹಾಕಬೇಕು. ಒಂದ್ಸಲ ನಾನು ಆ ಲೋಟದಲ್ಲಿ ನೀರು ಕುಡಿದೆ ಅಂತ ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದ್ರು. ನಾನು ಇಂಜಿನಿಯರಿಂಗ್ ಓದೋವಾಗ ರಜೆಗೆ ಹೋದಾಗಲೂ ಆ ಲೋಟ ಅಲ್ಲೇ ಇದ್ವು. ತೆಗೀರಿ ಅಂತ ನಾನು ಒಂದು ಮಾತೂ ಆಡಲಿಲ್ಲ.

ದಿನಕ್ಕೆ ನೂರಾರು ಡಾಲರ್ ಖರ್ಚಿನ ಆಟದಲ್ಲಿ ಒಂದು ಬೆಟ್ಟ ತಪ್ಪಿದ್ದಕ್ಕೆ ಆ ಪದ ಬಳಸೋ ಹಕ್ಕು ನಿಂಗೂ ಇಲ್ಲ, ನಂಗೂ ಇಲ್ಲ. ಅನ್ಯಾಯ ಅನ್ನು, ದಬ್ಬಾಳಿಕೆ ಅನ್ನು, ಸ್ಕೀಯರ್‌ಗಳ ಕೊಬ್ಬು ಅನ್ನು, ನಾನೂ ದನಿಗೂಡಿಸ್ತೀನಿ. ಅಷ್ಟಕ್ಕೆ ಸಾಲದೇ ಅಂತ, ಆ ಪದದ ಏಟು ತಿಂದವರ ಹತ್ತಿರ ಕೇಳದೆ ಎತ್ಕೊಂಡು ಬರಬೇಡ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮನೇಲೂ ಗೂಡಲ್ಲೇ ಇಡ್ತಿದ್ರಾ?' ಅಂತ ಕೇಳಿದ.