ಜಾರ್ಜಿಗೆ ಶಭಾಷ್, ಸೆಡ್ರಿಕ್‌ಗೆ ಗೇಲಿ

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಎರಡೂ ಕಡೆ ಟ್ಯಾಲಿ ಆಗದಿದ್ದರೆ ಸಮಾಧಾನವಿಲ್ಲ. ಮಕ್ಕಳ ಹಳೆಯ ಇಂಗ್ಲಿಷ್ ಕತೆಪುಸ್ತಕಗಳಲ್ಲಿ ಹೀಗೆ ಟ್ಯಾಲಿ ಆಗದ ಲೆಕ್ಕವೊಂದಿದೆ. ಹುಡುಗಿ ಹುಡುಗನ ಹಾಗಿದ್ದರೆ ಶಭಾಷ್. ಹುಡುಗ ಒಂಚೂರು ಹುಡುಗಿಯ ಹಾಗೆ ಕಂಡರೆ ಗೇಲಿ!

ನಮ್ಮ ಮುಂಬೈ ಕನ್ನಡಿಗರ ಮಕ್ಕಳು ಎಷ್ಟೋ ಜನ ಕನ್ನಡ ಅಕ್ಷರ ಕಲಿಯುವ ಮುಂಚೆಯೇ ಎನಿಡ್ ಬ್ಲೈಟನ್ ಓದಿರುತ್ತಾರೆ. 1942ರಲ್ಲಿ ಶುರುವಾದ 'ಫೇಮಸ್ ಫೈವ್' ಸರಣಿಯ ಜಾರ್ಜ್ ನೆನಪಿದ್ದಾಳಲ್ಲ? ನಿಜವಾದ ಹೆಸರು ಜಾರ್ಜಿನಾ. ಹಾಗೆ ಕರೆದರೆ ಓಗೊಡುವುದಿಲ್ಲ. ಗಿಡ್ಡ ಕೂದಲು, ದೋಣಿ ನಡೆಸುವ ಧೈರ್ಯ. ಹುಡುಗರಿಗೆ ಸಮ ಅಂದರೆ ಹಿಗ್ಗುತ್ತಾಳೆ. ಅದೇ ತಂಡದಲ್ಲಿ ಅಡುಗೆ, ಪಾತ್ರೆ ನೋಡಿಕೊಳ್ಳುವ ಆನ್‌ಗೆ ಅಭಿಮಾನಿಗಳು ಕಡಿಮೆ.

1868ರ 'ಲಿಟಲ್ ವಿಮೆನ್' ನೋಡಿ. ಲೂಯಿಸಾ ಮೇ ಆಲ್ಕಾಟ್ ಬರೆದದ್ದು. ಜೋಸೆಫಿನ್ ತನ್ನ ಹೆಸರನ್ನು 'ಜೋ' ಮಾಡಿಕೊಂಡು ಗಂಡುಹುಡುಗನಂತೆ ಸಿಳ್ಳೆ ಹಾಕುತ್ತಾಳೆ. ನಮಗೆಲ್ಲ ಅವಳೇ ನಾಯಕಿ. ಪಕ್ಕದ ಮನೆಯ ಥಿಯೊಡೋರ್‌ನನ್ನು ಮಾತ್ರ ಹುಡುಗರು 'ಡೋರಾ' ಅಂತ ಕಾಡಿದರು. ಅವರಿಗೆ ಬಾರಿಸಿಯೇ ಆತ 'ಲಾರಿ' ಆದ (ನಮ್ಮ ಹೈವೇ ಲಾರಿಯಲ್ಲ!). ಒಂದೇ ಪುಸ್ತಕದಲ್ಲಿ ಅವಳಿಗೆ ಗಂಡುಹೆಸರು ಹೆಮ್ಮೆ, ಅವನಿಗೆ ಹೆಣ್ಣುಹೆಸರು ಬೈಗುಳ.

ಇನ್ನು ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ 1886ರಲ್ಲಿ ಪ್ರಕಟಿಸಿದ 'ಲಿಟಲ್ ಲಾರ್ಡ್ ಫಾಂಟ್ಲೆರಾಯ್'. ಗುಂಗುರು ಕೂದಲಿನ ಪುಟ್ಟ ಸೆಡ್ರಿಕ್ ಅಮ್ಮನ ಮುದ್ದಿನ ಮಗ. ಹಾಗಂತ ಪುಕ್ಕಲನಲ್ಲ. ಓಟದ ಪಂದ್ಯ ಗೆಲ್ಲುತ್ತಾನೆ, ಸೋತ ಗೆಳೆಯನನ್ನು ಸಮಾಧಾನ ಮಾಡುತ್ತಾನೆ, ಕಲ್ಲೆದೆಯ ಅಜ್ಜನನ್ನು ಕರಗಿಸುತ್ತಾನೆ. ಅಮೆರಿಕದ ತಾಯಂದಿರು ಮಕ್ಕಳಿಗೆ ಅವನ ಹಾಗೇ ಮಖಮಲ್ ಸೂಟು, ಲೇಸ್ ಕಾಲರ್ ತೊಡಿಸಿದರು. ಆದರೆ ಉಳಿದದ್ದು ಅವನ ಗುಣವಲ್ಲ, ಕಾಲರ್ ಮಾತ್ರ. 'ಫಾಂಟ್ಲೆರಾಯ್' ಅಂದರೆ ಹೆಣ್ಣಿಗ ಎಂಬ ಅಣಕವಾಯಿತು.

ಆ ಪಾತ್ರಕ್ಕೆ ಮಾದರಿ ಲೇಖಕಿಯ ಮಗ ವಿವಿಯನ್. ಆ ಹೆಸರು ಅವನನ್ನು ಜೀವನವಿಡೀ ಬಿಡಲಿಲ್ಲ. 1937ರಲ್ಲಿ, 61ನೇ ವಯಸ್ಸಿನಲ್ಲಿ, ಮಗುಚಿದ ದೋಣಿಯಿಂದ ನಾಲ್ವರನ್ನು ಪಾರುಮಾಡಲು ನೆರವಾಗಿ, ಆಮೇಲೆ ಕುಸಿದು ತೀರಿಕೊಂಡ. ಪತ್ರಿಕೆಗಳು ಆಗಲೂ ಅವನನ್ನು ಗುರುತಿಸಿದ್ದು ಫಾಂಟ್ಲೆರಾಯ್ ಎಂದೇ. ಗಂಡಸುತನಕ್ಕೆ ಇನ್ನೆಂಥ ಸರ್ಟಿಫಿಕೇಟ್ ಬೇಕಿತ್ತು?

ಇಂಗ್ಲಿಷಿನವರನ್ನಷ್ಟೇ ದೂರಿ ಪ್ರಯೋಜನವಿಲ್ಲ ಬಿಡಿ. ನಮ್ಮಲ್ಲಿ 'ಗಂಡುಬೀರಿ' ಬೈಗುಳವೇ, ಆದರೂ ಕೆಲವೊಮ್ಮೆ ಅಕ್ಕರೆಯಿಂದಲೂ ಅಂದೇವು. 'ಹೆಣ್ಣಿಗ' ಅನ್ನುವುದನ್ನು ಯಾರಾದರೂ ಅಕ್ಕರೆಯಿಂದ ಅಂದದ್ದು ಕೇಳಿದ್ದೀರಾ? ಸೊಸೈಟಿ ಅಂಗಳದಲ್ಲಿ ಮಗು ಬಿದ್ದು ಅತ್ತರೆ ಕನ್ನಡದಲ್ಲೋ ಮರಾಠಿಯಲ್ಲೋ ಒಂದೇ ಮಾತು: ಹುಡುಗಿ ಥರ ಅಳ್ತೀಯೇನೋ? ಹುಡುಗನಿಗೆ ಅಳು ತಪ್ಪೆಂದು ಕಲಿಸುತ್ತೇವೆ. ಪಕ್ಕದಲ್ಲಿ ನಿಂತ ತಂಗಿಗೆ, ಅವಳಾಗಿರುವುದೇ ಒಂದು ಬೈಗುಳ ಎಂದು ಕಲಿಸುತ್ತೇವೆ. ಒಂದೇ ಏಟಿಗೆ ಇಬ್ಬರಿಗೂ ನಷ್ಟ.

ಹಾಗಾದರೆ ಈ ಪುಸ್ತಕಗಳನ್ನು ರದ್ದಿಗೆ ಹಾಕಬೇಕೆ? ಖಂಡಿತ ಬೇಡ. ಅದೇ ಬರ್ನೆಟ್ 1911ರಲ್ಲಿ 'ದಿ ಸೀಕ್ರೆಟ್ ಗಾರ್ಡನ್' ತಂದರು. ಅದರಲ್ಲಿ ಯಾರ್ಕ್‌ಷೈರಿನ ಬಡ ಹುಡುಗ ಡಿಕನ್ ನರಿಮರಿ, ಕುರಿಮರಿಗಳನ್ನು ತಾಯಿಯಂತೆ ಸಾಕುತ್ತಾನೆ. ಯಾರೂ ಅವನನ್ನು ಗೇಲಿ ಮಾಡುವುದಿಲ್ಲ. ದೊಡ್ಡಮನೆಯ ಮಕ್ಕಳೇ ಅವನಿಂದ ಕಲಿಯುತ್ತಾರೆ.

ಮಗಳ ಕೈಗೆ ಜೋ, ಜಾರ್ಜ್ ಕೊಡುವ ನಾವು ಮಗನ ಕೈಗೆ ಡಿಕನ್‌ನನ್ನೂ ಕೊಡೋಣ. ಓದಿದ ಮೇಲೆ ಪಕ್ಕದಲ್ಲಿ ಕೂತು ಕೇಳೋಣ: ಡೋರಾ ಅಂದದ್ದಕ್ಕೆ ಅವನಿಗೆ ಯಾಕಪ್ಪಾ ಅಷ್ಟು ಸಿಟ್ಟು ಬಂತು? ಉತ್ತರ ಹುಡುಕುವಷ್ಟು ಜಾಣರು ಮಕ್ಕಳು. ಕೇಳುವ ಪುರುಸೊತ್ತು ನಮಗಿರಬೇಕು ಅಷ್ಟೆ. ನೀವೇನಂತೀರಿ?